ಹಡಗಿನ ಹೊಟ್ಟೆಗೆ ಬಿದ್ದ ಬಿಸಿಲು

ಆಸ್ಟ್ರೋಲೇಬ್ ಎಂದರೆ ಹಿತ್ತಾಳೆಯ ಒಂದು ಚಕ್ರ. ಊಟದ ತಟ್ಟೆಯಷ್ಟು ಅಗಲ, ಎತ್ತಿದರೆ ಕಲ್ಲಿನ ಭಾರ. ಗಾಳಿ ಹಾದು ಹೋಗಲೆಂದು ನಡುವೆಲ್ಲ ಕತ್ತರಿಸಿ ತೆಗೆದಿರುತ್ತಾರೆ, ನೆಟ್ಟಗೆ ತೂಗಲೆಂದು ಕೆಳಭಾಗವನ್ನು ದಪ್ಪ ಬಿಟ್ಟಿರುತ್ತಾರೆ. ನಡುವಿನ ಮೊಳೆಯ ಮೇಲೆ ಒಂದು ಪಟ್ಟಿ ತಿರುಗುತ್ತದೆ. ಅದರ ಎರಡು ತುದಿಯಲ್ಲೂ ಸಣ್ಣ ತೂತಿರುವ ತಗಡು. ಮೇಲಿನ ಉಂಗುರಕ್ಕೆ ಹೆಬ್ಬೆರಳು ತೂರಿಸಿ ಚಕ್ರವನ್ನು ತೂಗುಬಿಟ್ಟು, ನಡು ಮಧ್ಯಾಹ್ನದ ಬಿಸಿಲು ಎರಡೂ ತೂತಿನಲ್ಲಿ ಹಾಯುವ ತನಕ ಪಟ್ಟಿ ತಿರುಗಿಸಬೇಕು. ಸೂರ್ಯನ ಎತ್ತರ ಸಿಗುತ್ತದೆ. ಎತ್ತರ ಸಿಕ್ಕರೆ, ನಾವು ಭೂಮಧ್ಯರೇಖೆಯಿಂದ ಎಷ್ಟು ದೂರ ಇದ್ದೇವೆಂದು ಲೆಕ್ಕ ಹಾಕಬಹುದು. ಐನೂರು ವರ್ಷದ ಹಿಂದೆ ಸ್ಪೇನ್ ದೇಶದ ಹಡಗುಗಳು ಭೂಮಿ ಸುತ್ತಲು ಹೊರಟಾಗ ಅವರ ಹತ್ತಿರ ಇದ್ದದ್ದು ಇದು, ಒಂದು ದಿಕ್ಸೂಚಿ, ಒಂದು ಮರಳು ಗಡಿಯಾರ, ಆಳ ನೋಡಲು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು. ಹೊರಟದ್ದು ಐದು ಹಡಗು, ಸುತ್ತಿ ಮನೆಗೆ ಬಂದದ್ದು ಒಂದು.

ಅಂಥದ್ದೊಂದು ಹಡಗನ್ನು ಮಲೇಷಿಯಾದ ಮಲಕ್ಕಾ ಹತ್ತಿರದ ಒಂದು ಖಾಸಗಿ ಕಂಪನಿ ಮರದಲ್ಲಿ ಮತ್ತೆ ಕಟ್ಟಿಸಿತ್ತು. ಮೊದಲು ಸಿನಿಮಾ, ಆಮೇಲೆ ಪ್ರತಿ ಶನಿವಾರ ಪ್ರವಾಸಿಗರಿಗೆ ಪ್ರದರ್ಶನ. ನಾನು ಹಿಂದೆ ಸರಕು ಹಡಗಿನಲ್ಲಿ ಇದ್ದವಳು. ಈಗ ಸುಬಾಂಗ್ ಜಯಾದಲ್ಲಿ ಮನೆ, ಕೆಡೆಟ್‌ಗಳಿಗೆ ನೌಕಾಯಾನದ ಪಾಠ. ಹಳೆಯ ಉಪಕರಣಗಳನ್ನು ನಿಜವಾಗಿ ಬಳಸಿ ಹಡಗಿಗೆ ದಾರಿ ಹೇಳುವ ಪೈಲಟ್ ಬೇಕೆಂದು ಕರೆದರು. ಹೋದೆ. ಪುಸ್ತಕದಲ್ಲಿ ಮಾತ್ರ ನೋಡಿದ ಸಾಮಾನು ಕೈಗೆ ಸಿಗುತ್ತದೆಂದರೆ ಯಾರು ಬಿಡುತ್ತಾರೆ?

ಹಡಗು ನೋಡಲು ಚೆಂದ, ಇರಲು ನರಕ. ಗಬ್ಬದ ಎಮ್ಮೆಯ ಹಾಗೆ ಉಬ್ಬಿದ ಹೊಟ್ಟೆ, ಹಿಂಭಾಗದಲ್ಲಿ ಮಾಳಿಗೆ ಮನೆಯಷ್ಟು ಎತ್ತರದ ಕಟ್ಟೆ. ಚುಕ್ಕಾಣಿಯ ಕಂಬ ಡೆಕ್ಕಿನ ಕೆಳಗೆ ಇತ್ತು. ಅದನ್ನು ಹಿಡಿದವನಿಗೆ ಸಮುದ್ರವೇ ಕಾಣದು; ಮೇಲಿನಿಂದ ಒಬ್ಬ ಕೂಗಿದಂತೆ ಅವನು ತಿರುಗಿಸಬೇಕು. ಕಾನೂನಿಗಾಗಿ ಹೊಟ್ಟೆಯೊಳಗೆ ಒಂದು ಡೀಸೆಲ್ ಎಂಜಿನ್ ಬಚ್ಚಿಟ್ಟಿದ್ದರು. ಲೈಸೆನ್ಸ್ ಇದ್ದ ಕ್ಯಾಪ್ಟನ್ ಮಲಯ ಮುದುಕ, ನಿವೃತ್ತ. ಮಾತು ಕಡಿಮೆ. ಇವರೆಲ್ಲರ ಮೇಲೆ ನಿರ್ದೇಶಕ. ಕೌಲಾಲಂಪುರದಲ್ಲಿ ಜಾಹೀರಾತು ಮಾಡಿ ಬೆಳೆದವನು. ಅವನ ಮಾತೆಲ್ಲ ಇಂಗ್ಲಿಷಿನದು, ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತಿನ ಕೊನೆಗೆ ಇಲ್ಲಿಯವರು ಅಂಟಿಸುವ ‘ಲಾ’ ಮಾತ್ರ ಹಾಗೇ ಬಿಟ್ಟಿದ್ದೇನೆ.

ಎರಡನೆಯ ದಿನ ಫೋನಿನಲ್ಲಿ ಅಕ್ಕನ ಜೊತೆ ಜಗಳವಾಡುತ್ತಿದ್ದೆ. ಹಗ್ಗ ಸುತ್ತುತ್ತಿದ್ದ ಖಲಾಸಿಯೊಬ್ಬ ತಲೆಯೆತ್ತಿದ. ನಲವತ್ತರ ಆಸುಪಾಸು, ಕರಿ ಮೈ, ಅಗಲ ಹೆಗಲು.

“ಅಕ್ಕೋರೆ, ನೀವು ನಮ್ಮ ಬದಿಯವ್ರಾ?”

ಹೊನ್ನಾವರದ ಕಡೆಯ ಮೀನುಗಾರ. ನಾನು ಕುಮಟಾದವಳು. ಪಾಠ ಮಾಡುವವಳೆಂದು ಮೊದಲೇ ತಿಳಿದು ನಮ್ಮೂರಿನ ಶಾಲೆಯ ರೀತಿಯಲ್ಲೇ ‘ಅಕ್ಕೋರು’ ಎಂದಿದ್ದ. ಹಡಗಿನಲ್ಲಿ ಕೆಲಸ ಎಂದು ಏಜೆಂಟ್ ಕಳಿಸಿದ್ದ. ವೀಸಾ ಮಾತ್ರ ಪ್ರವಾಸಿಯದು, ಅದೂ ಮುಗಿದಿತ್ತು. ಪಾಸ್‌ಪೋರ್ಟ್ ನಿರ್ದೇಶಕನ ಕಚೇರಿಯ ಬೀಗದೊಳಗೆ ಇತ್ತು. ಸಿನಿಮಾದಲ್ಲಿ ಅವನಿಗೊಂದು ಪಾತ್ರವೂ ಸಿಕ್ಕಿತ್ತು. ಆ ಕಾಲದ ಕಪ್ತಾನ ಮಲಕ್ಕಾದಲ್ಲಿ ಒಬ್ಬ ಗುಲಾಮನನ್ನು ಕೊಂಡಿದ್ದ. ಭೂಮಿ ಸುತ್ತುವ ಯಾನದಲ್ಲಿ ಅವನೇ ದುಭಾಷಿ. “ನಾನು ಸತ್ತ ದಿನ ಇವನು ಸ್ವತಂತ್ರ” ಎಂದು ಕಪ್ತಾನ ಉಯಿಲು ಬರೆದಿದ್ದ. ಕಪ್ತಾನ ಸತ್ತ. ಮುಂದೆ ಬಂದವನು ಬಿಡಲಿಲ್ಲ, ಚಾವಟಿ ತೋರಿಸಿದ. ಆ ಗುಲಾಮನ ಪಾತ್ರ ಇವನಿಗೆ. ಬಣ್ಣ ಸರಿಹೋಗುತ್ತದೆ ಎಂದು ನಿರ್ದೇಶಕ ಅವನ ಎದುರೇ ಹೇಳಿದ್ದ.

“ಪಾತ್ರದ್ದು ಬಿಡಿ ಅಕ್ಕೋರೆ,” ಎಂದ ಖಲಾಸಿ. “ನಂಗೆ ಊರಿಗೆ ಹೋಗ್ಬೇಕು. ಹೆಂಡ್ತಿಗೆ ಎದೆಯಲ್ಲಿ ಗಡ್ಡೆ. ಬೇಗ ಆಪರೇಷನ್ ಆಗ್ಬೇಕು ಅಂದ್ರು ಮಣಿಪಾಲದಲ್ಲಿ. ಇವ್ಳು ನಾ ಊರಿಗೆ ಬರ್ದೆ ಸೈ ಹಾಕೂದಿಲ್ಲ ಅಂತ ಕೂತಿದಾಳೆ. ಹೆದ್ರಿಕೆ ಅವ್ಳಿಗೆ.”

“ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳೋದು ಇಲ್ಲಿ ಅಪರಾಧ. ದೂರು ಕೊಡೋಣ.”

“ದೂರು ಕೊಟ್ರೆ ಮೊದ್ಲು ಒಳಗೆ ಹಾಕೂದು ನನ್ನನ್ನೇ. ಆಮೇಲೆ ಎಷ್ಟು ತಿಂಗ್ಳೋ ಎಂತದೋ. ಬ್ಯಾಡ.”

ನಾನೇ ನಿರ್ದೇಶಕನ ಹತ್ತಿರ ಹೋಗಿ ಹೇಳಿದೆ. ಅವನು ಕಿವಿಗೊಟ್ಟು ಕೇಳಿದ. ಅವನ ಕಣ್ಣು ಹೊಳೆದದ್ದು ನೋಡಿ ಮನಸ್ಸು ಕರಗಿತೆಂದುಕೊಂಡೆ. ಮರುದಿನ ಬೆಳಿಗ್ಗೆ ಕ್ಯಾಮೆರಾ ಇಟ್ಟು, ಎಲ್ಲರನ್ನೂ ಡೆಕ್ಕಿನ ಮೇಲೆ ನಿಲ್ಲಿಸಿ ಅವನು ಘೋಷಿಸಿದ: ಫೋನು, ಗಡಿಯಾರ ಎಲ್ಲ ಕಿತ್ತುಕೊಳ್ಳುತ್ತೇವೆ. ಎರಡು ದಿನ ಎಲ್ಲರೂ ಹಡಗಿನ ಹೊಟ್ಟೆಯೊಳಗೆ. ಕ್ಯಾಪ್ಟನ್ ಎಂಜಿನ್ ಹಾಕಿ ಜಲಸಂಧಿಯಲ್ಲಿ ಎಲ್ಲೋ ಒಯ್ಯುತ್ತಾರೆ, ದಡ ಕಾಣದ ಕಡೆ. ಆಮೇಲೆ ಪೈಲಟ್ ಹಳೆಯ ಉಪಕರಣದಿಂದ ಮಾತ್ರ ಹಡಗು ಎಲ್ಲಿದೆಯೆಂದು ಹೇಳಬೇಕು. ಕಾಲು ಡಿಗ್ರಿಯೊಳಗೆ ಸರಿಯಾದರೆ ಗುಲಾಮನಿಗೆ ಪಾಸ್‌ಪೋರ್ಟ್, ಟಿಕೆಟ್, ಬಿಡುಗಡೆ. ತಪ್ಪಿದರೆ ಸೀಸನ್ ಮುಗಿಯುವ ತನಕ ಇಲ್ಲೇ.

“ಮತ್ತೆ ಆಸ್ಟ್ರೋಲೇಬ್ ಹಿಡಿಯೋದು ಅವನೇ,” ಎಂದ. “ಅವನ ಬಿಡುಗಡೆ ಅವನ ಹೆಬ್ಬೆರಳಲ್ಲಿ. ಎಂಥ ಶಾಟ್ ಲಾ!”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿಯಿತು. ಖಲಾಸಿ ಮಾತ್ರ ಎರಡೂ ಕೈ ಜೋಡಿಸಿ ನಿಂತಿದ್ದ. ಅವನು ಕೇಳಿಸಿಕೊಂಡದ್ದು ‘ಟಿಕೆಟ್’ ಎಂಬ ಒಂದೇ ಮಾತು.

ಹೊರಡುವ ಮೊದಲು ಜೆಟ್ಟಿಯಲ್ಲೇ ಅಭ್ಯಾಸ ಶುರು ಮಾಡಿದೆವು. ಮೊದಲನೆಯ ಸೋಲು ಗಾಳಿಯದು. ತೂತು ಕೊರೆದರೂ ಚಕ್ರ ಡೆಕ್ಕಿನ ಮೇಲೆ ಓಲಾಡುತ್ತಿತ್ತು. ಬೆಳಕಿನ ಚುಕ್ಕೆ ಕ್ಷಣಕ್ಕೊಂದು ಕಡೆ ಓಡುತ್ತಿತ್ತು. ಅವನ ಹೆಬ್ಬೆರಳ ಬುಡದಲ್ಲಿ ಉಂಗುರ ಕೊರೆದು ಚರ್ಮ ಎದ್ದಿತು. ಬಟ್ಟೆ ಸುತ್ತಿಕೋ ಎಂದೆ. ಬಟ್ಟೆ ಸುತ್ತಿದರೆ ಕಾಲಕ್ಕೆ ಹೊಂದುವುದಿಲ್ಲ, ಬಿಚ್ಚು ಎಂದ ನಿರ್ದೇಶಕ. ರಕ್ತ ಬಂದಾಗ ಕ್ಯಾಮೆರಾವನ್ನು ಹತ್ತಿರ ತರಿಸಿದ.

ಎರಡನೆಯದು ನಮ್ಮ ಜಾಗದ್ದೇ ತೊಡಕು. ಸ್ಪೇನಿನವರ ಮನೆಯಂಗಳದಲ್ಲಿ ಮಧ್ಯಾಹ್ನದ ಸೂರ್ಯ ಯಾವತ್ತೂ ದಕ್ಷಿಣಕ್ಕೆ. ಅವರ ಲೆಕ್ಕದ ಸೂತ್ರವೆಲ್ಲ ಅದರ ಮೇಲೇ ನಿಂತದ್ದು. ಮಲೇಷಿಯಾದಲ್ಲಿ ಮಾರ್ಚ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ನಡೆದು ಹೋಗುತ್ತಾನೆ. ಆ ವಾರದ ಕೋಷ್ಟಕದ ಪ್ರಕಾರ ಅವನು ಭೂಮಧ್ಯರೇಖೆಯಿಂದ ಮೂರೂವರೆ ಡಿಗ್ರಿ ಉತ್ತರದಲ್ಲಿದ್ದ. ನೆತ್ತಿಯಿಂದ ಒಂದು ಡಿಗ್ರಿ ಈಚೆ ಕಂಡನೆಂದು ಇಟ್ಟುಕೊಳ್ಳಿ. ಅವನು ನಮಗಿಂತ ಉತ್ತರಕ್ಕಿದ್ದರೆ ನಾವು ಎರಡೂವರೆಯಲ್ಲಿ, ಅಂದರೆ ಪೋರ್ಟ್ ಡಿಕ್ಸನ್ ಎದುರು. ದಕ್ಷಿಣಕ್ಕಿದ್ದರೆ ನಾಲ್ಕೂವರೆಯಲ್ಲಿ, ಪಂಗ್ಕೋರ್ ದ್ವೀಪಕ್ಕೂ ಆಚೆ. ಎರಡೂ ಇದೇ ಜಲಸಂಧಿ. ಹಿತ್ತಾಳೆಯ ಅಂಚಿನಲ್ಲಿ ಈ ವ್ಯತ್ಯಾಸ ಎಷ್ಟೆಂದರೆ, ಪಟ್ಟಿ ನೆಟ್ಟಗೆ ನಿಂತ ಗೀಟಿನಿಂದ ಒಂದು ಅಕ್ಕಿಕಾಳಿನ ದಪ್ಪದಷ್ಟು ಈಚೆಯೋ ಆಚೆಯೋ ಎಂಬುದು. ಅದೂ ನೆತ್ತಿಯ ಮೇಲಿನ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಜಾರುವುದು ಕಣ್ಣು ಮಿಟುಕಿಸುವುದರೊಳಗೆ. ನಮ್ಮ ಕೆಡೆಟ್‌ಗಳು ಪರೀಕ್ಷೆಯಲ್ಲಿ ತಪ್ಪುವುದೂ ಇಲ್ಲೇ. ಅವರಿಗೆ ಅಂಕ ಹೋಗುತ್ತದೆ, ಅಷ್ಟೆ.

ಮೂರನೆಯದು ದಿಕ್ಕು. ಚಕ್ರವನ್ನು ಸರಿಯಾಗಿ ಉತ್ತರ ದಕ್ಷಿಣಕ್ಕೆ ಹಿಡಿದರೆ ಮಾತ್ರ ಈ ಲೆಕ್ಕ. ಗಾಳಿಯಿಲ್ಲದ ಹಡಗಿನ ಹೊಟ್ಟೆಯೊಳಗೆ ದಿಕ್ಸೂಚಿ ಇಟ್ಟು ನೋಡಿದೆ. ಮುಳ್ಳು ಎಂಜಿನ್ನಿನ ಕಬ್ಬಿಣಕ್ಕೆ ಮನಸೋತು ಅತ್ತಲೇ ವಾಲಿತು.

ಜೆಟ್ಟಿಯ ಹತ್ತಿರ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತ ಯೋಚಿಸಿದೆ. ಸೂರ್ಯ ನೆತ್ತಿಯ ಮೇಲಿದ್ದರೆ ಡೆಕ್ಕಿಗೆ ಏಕೆ ಹೋಗಬೇಕು? ಹಡಗಿನ ನಡುವೆ ಸರಕು ಇಳಿಸುವ ದೊಡ್ಡ ಕಿಂಡಿ ಇದೆ. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಬಾವಿಗೆ ಬಿದ್ದಂತೆ ನೇರ ಕೆಳಗೆ ಬೀಳುತ್ತದೆ. ಅಲ್ಲಿ ಗಾಳಿಯಿಲ್ಲ, ಓಲಾಟವೂ ಕಡಿಮೆ. ಇನ್ನು ದಿಕ್ಕು. ಮೇಲಿನ ಡೆಕ್ಕಿನ ದಿಕ್ಸೂಚಿ ಎಂಜಿನ್‌ಗೆ ದೂರ. ಅದನ್ನು ಬೆಳಗಿನ ಸೂರ್ಯೋದಯದ ಜೊತೆ ತಾಳೆ ನೋಡಿದ್ದೆ, ಸರಿಯಿತ್ತು. ಆದ್ದರಿಂದ ಇಡೀ ಹಡಗನ್ನೇ ನೇರ ದಕ್ಷಿಣಕ್ಕೆ ಮುಖ ಮಾಡಿಸಿ ನಿಲ್ಲಿಸಿದರೆ, ಹೊಟ್ಟೆಯೊಳಗೆ ಹಡಗಿನ ಉದ್ದಕ್ಕೂ ಹಾಸಿದ ಅಡಿಮರದ ಗೆರೆಯೇ ನನ್ನ ಉತ್ತರ ದಕ್ಷಿಣ. ಸ್ಪೇನಿನವರು ಹೀಗೆ ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಉಪಕರಣ ಅವರದ್ದೇ, ಹಡಗು ಅವರದ್ದೇ. ಇಷ್ಟು ಸಾಕೆಂದು ತೀರ್ಮಾನಿಸಿದೆ. ಕ್ಯಾಪ್ಟನ್‌ಗೆ ಹೇಳಿದೆ. ಟ್ಯಾಂಕರ್‌ಗಳು ಓಡಾಡುವ ದಾರಿಯಲ್ಲಿ ದಕ್ಷಿಣಕ್ಕೆ ಅಡ್ಡ ನಿಲ್ಲುವುದು ಹುಡುಗಾಟವಲ್ಲ ಎಂದು ಗೊಣಗಿದ ಮುದುಕ, ಆಮೇಲೆ “ಸ್ವಲ್ಪ ಹೊತ್ತು ಕೊಡ್ತೀನಿ” ಎಂದ.

ಎರಡು ದಿನ ಹಡಗಿನ ಹೊಟ್ಟೆಯಲ್ಲಿ ಬೆಂದೆವು. ಕಿಂಡಿಯ ಮೇಲೆ ಟಾರ್ಪಾಲ್ ಎಳೆದಿದ್ದರು. ಡೀಸೆಲ್ ವಾಸನೆ, ಡಾಂಬರಿನ ವಾಸನೆ, ವಾಂತಿಯ ವಾಸನೆ. ತಿನ್ನಲು ಕಲ್ಲಿನಂಥ ಬಿಸ್ಕತ್ತು, ಉಪ್ಪು ಮೀನು. ಮೇಲೆ ನಿರ್ದೇಶಕನಿಗೆ ಸಣ್ಣ ದೋಣಿಯಲ್ಲಿ ತರಿಸಿದ ಕೋಳಿ ಅನ್ನದ ತಾಪಾವ್ ಪೊಟ್ಟಣದ ಘಮ ಕೆಳಗೆ ಇಳಿಯುತ್ತಿತ್ತು. ಖಲಾಸಿ ನೀರು ತುಂಬಿದ ಬಕೆಟ್ಟನ್ನು ಹೆಬ್ಬೆರಳಿಗೆ ತೂಗಿಸಿಕೊಂಡು ಅಲ್ಲಾಡದೆ ನಿಲ್ಲುವ ಅಭ್ಯಾಸ ಮಾಡುತ್ತಿದ್ದ. ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದ.

“ಎಂತ ಜಪ ಮಾಡ್ತೆ?” ಎಂದೆ.

“ಜಪ ಅಲ್ಲ ಅಕ್ಕೋರೆ. ವಿಮಾನದಲ್ಲಿ ಮಂಗ್ಳೂರಿಗೆ ಇಳ್ದು, ಅಲ್ಲಿಂದ ಬಸ್ಸು ಹಿಡ್ದು ಹೋಗೂದು ಹ್ಯಾಂಗೆ ಅಂತ ಲೆಕ್ಕ ಹಾಕ್ತಿದ್ದೆ.”

ಮೂರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಟಾರ್ಪಾಲ್ ತೆಗೆದರು. ಮೇಲೆ ಹತ್ತಿ ನೋಡಿದರೆ ಸುತ್ತ ಬೂದು ಮಬ್ಬು, ದಡದ ಸುಳಿವಿಲ್ಲ. ಜಿಪಿಎಸ್ ಪರದೆಗೆ ಕರಿ ಬಟ್ಟೆ ಹೊದಿಸಿದ್ದರು. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದೆವು. ಹಡಗು ಮುಖ ತಿರುಗಿಸಲು ಹೆಣಗಾಡಿತು. “ದಕ್ಷಿಣ! ಹಿಡಿ! ಹಾಗೇ ಹಿಡಿ!” ಎಂದು ಕ್ಯಾಪ್ಟನ್ ಕೆಳಗಿನ ಚುಕ್ಕಾಣಿಯವನಿಗೆ ಕೂಗುತ್ತಿದ್ದ. ಅಷ್ಟರಲ್ಲಿ ದೂರದಲ್ಲಿ ಹೋದ ಟ್ಯಾಂಕರ್‌ನ ಅಲೆ ಬಂದು ಹಡಗನ್ನು ಅಲ್ಲಾಡಿಸಿತು. ಮಧ್ಯಾಹ್ನ ದಿನಕ್ಕೊಂದೇ, ನಾನು ಕೆಳಗೆ ಓಡಿದೆ.

ಕೆಳಗೆ ಖಲಾಸಿ ದೊಡ್ಡ ಹಾಯಿಕಂಬದ ಬುಡಕ್ಕೆ ಬೆನ್ನು ಕೊಟ್ಟು, ಕಾಲು ಅಗಲಿಸಿ ಕೂತು, ಚಕ್ರವನ್ನು ಅಡಿಮರದ ಗೆರೆಯ ಮೇಲೆ ತೂಗುಬಿಟ್ಟಿದ್ದ. ಸುತ್ತಲೂ ಕತ್ತಲು, ನಡುವೆ ಬಿಸಿಲಿನ ಚೌಕ. ನಾನು ಮಂಡಿಯೂರಿ ಪಟ್ಟಿಯನ್ನು ಉಗುರಿನಿಂದ ಸರಿಸುತ್ತಿದ್ದೆ. ಮೇಲಿನ ತೂತಿನ ಬೆಳಕು ಕೆಳಗಿನ ತಗಡಿನ ಅಂಚಿಗೆ ಬಂತು, ಹೋಯಿತು. ಅವನ ಹೆಬ್ಬೆರಳಿನಿಂದ ರಕ್ತ ಇಳಿದು ಹಿತ್ತಾಳೆಯ ಮೇಲೆ ಹರಿಯಿತು.

“ಉಸಿರು ಬಿಗಿಹಿಡಿ,” ಎಂದೆ.

ಅವನು ಹಿಡಿದ. ಚಕ್ರ ನಿಂತಿತು. ಮರದ ಹಲಗೆಯ ಮೇಲೆ ಸಾಸಿವೆಯಷ್ಟು ಬೆಳಕು ಬಿತ್ತು, ನಡುಗದೆ.

“ಸಿಕ್ತಾ ಅಕ್ಕೋರೆ?”

ನೋಡಿದೆ. ಪಟ್ಟಿಯ ಮೇಲ್ತುದಿ ಹಡಗಿನ ಹಿಂಭಾಗದ ಕಡೆಗೆ ವಾಲಿತ್ತು. ಹಿಂಭಾಗ ಎಂದರೆ ಉತ್ತರ. ಒಂದು ಡಿಗ್ರಿ. ಮತ್ತೊಮ್ಮೆ ನೋಡುವುದರೊಳಗೆ ಬೆಳಕು ಜಾರಿ ಹೋಗಿತ್ತು.

“ಎರಡೂವರೆ,” ಎಂದು ಮೇಲಕ್ಕೆ ಕೂಗಿದೆ. “ಪೋರ್ಟ್ ಡಿಕ್ಸನ್ ಎದುರು!”

ಕ್ಯಾಪ್ಟನ್ ಬಟ್ಟೆ ಎಳೆದ. ಎರಡು ಡಿಗ್ರಿ ಮೂವತ್ತಾರು ಮಿನಿಟು. ಡಿಗ್ರಿಯ ಹತ್ತನೆಯ ಒಂದು ಭಾಗದ ವ್ಯತ್ಯಾಸ. ಆ ಮುದುಕ ಜೀವನದಲ್ಲಿ ಮೊದಲ ಸಲವೋ ಏನೋ ಜೋರಾಗಿ ನಕ್ಕ. ಎಲ್ಲರೂ ಕುಣಿದರು. ಖಲಾಸಿ ಚಕ್ರವನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ನನಗೂ ಕಣ್ಣು ತುಂಬಿತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಸಂತೋಷ ನನಗೆ ಮತ್ತೊಂದಿಲ್ಲ. ನಿರ್ದೇಶಕ ಅವನನ್ನು ಅಪ್ಪಿಕೊಂಡ. ಕ್ಯಾಮೆರಾ ಸುತ್ತ ತಿರುಗಿತು.

ದಡಕ್ಕೆ ಬಂದ ಮೇಲೆ ಪಾಸ್‌ಪೋರ್ಟ್ ಕೇಳಲು ಇಬ್ಬರೂ ಕಚೇರಿಗೆ ಹೋದೆವು. ನಿರ್ದೇಶಕ ಚಿತ್ರ ನೋಡುತ್ತಾ ಕೂತಿದ್ದ.

“ಅದು ಸೀನ್ ಲಾ, ಪೈಲಟ್,” ಎಂದ. “ಇವನು ಹೋದರೆ ಶನಿವಾರದ ಶೋ ಯಾರು ಮಾಡ್ತಾರೆ?”

“ಕ್ಯಾಮೆರಾ ಎದುರು ಮಾತು ಕೊಟ್ಟಿದ್ದೀರಿ.”

“ಕೊಟ್ಟೆ. ಆ ಕಪ್ತಾನನೂ ಕೊಟ್ಟಿದ್ದ. ಗುಲಾಮನಿಗೆ ಬಿಡುಗಡೆ ಸಿಕ್ತಾ? ಇಲ್ಲ ತಾನೇ? ಇತಿಹಾಸ ನಾನು ಹೇಗೆ ಬದಲಾಯಿಸಲಿ?”

ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಎನ್ನುವ ಗಾದೆ ಬಾಯಿಗೆ ಬಂತು. ಅದನ್ನು ಇಂಗ್ಲಿಷಿಗೆ ತರಲಾಗದೆ ಬೇರೆ ಬೈಗುಳ ಬೈದೆ. ಅವನು ನಕ್ಕು, ಹೊಸ ಯೋಚನೆ ಹೇಳಿದ. ಶೋದ ಕೊನೆಗೆ ಒಂದು ದೃಶ್ಯ: ಹೊಸ ಕಪ್ತಾನ ಬಿಡುಗಡೆ ಕೊಡುವುದಿಲ್ಲ, ಗುಲಾಮ ತನ್ನ ಭಾಷೆಯಲ್ಲಿ ಗೋಳಾಡುತ್ತಾನೆ. “ನಿನ್ನ ಭಾಷೆಯಲ್ಲಿ ಏನು ಬೇಕಾದರೂ ಹೇಳು, ಯಾರಿಗೂ ಅರ್ಥ ಆಗಲ್ಲ. ಹಳೇ ಕಾಲದ ಹಾಗೆ ಕೇಳಿಸಿದರೆ ಸಾಕು.” ನನ್ನ ಕಡೆ ತಿರುಗಿ, “ಮೊದಲ ಶೋಗೆ ಕುರ್ಚಿ ಖಾಲಿ ಇವೆ, ನಿಮ್ಮ ಜನರನ್ನೂ ಕರೆತನ್ನಿ” ಎಂದ.

ಆ ಮಾತು ಕೇಳಿದ್ದೇ ನನ್ನ ಬುದ್ಧಿ ಚುರುಕಾಯಿತು. ನಮ್ಮ ಜನ! ನಿಲಾಯ್ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಮಣಿಪಾಲದ ಡಾಕ್ಟರುಗಳು, ಬೆಂಗಳೂರು ಮೈಸೂರಿನ ಐಟಿ ಕುಟುಂಬಗಳು. ಅವರಿಗೆ ಅರ್ಥವಾಗುತ್ತದೆ. ಓದಿದವರು, ನಾಲ್ಕು ಜನರ ಪರಿಚಯ ಇರುವವರು. ಮೊದಲೇ ಹೇಳಿದರೆ ಹಿಂಜರಿಯುತ್ತಾರೆ. ಎದುರಿಗೇ ನಿಂತು ಕೇಳಿದರೆ ಬಿಡಲಾರರು. ಖಲಾಸಿಗೆ ಹೇಳಿದೆ: “ಪೂರಾ ನಿಜ ಹೇಳು. ಕನ್ನಡದಲ್ಲಿ.”

ಕೌಲಾಲಂಪುರದ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನಿಂದ ಎರಡು ವ್ಯಾನ್ ತುಂಬ ಜನ ಬಂದರು. ಜೆಟ್ಟಿಯ ಮೇಲೆ ಕುರ್ಚಿ, ಹಡಗಿನ ಡೆಕ್ಕೇ ವೇದಿಕೆ. ಕೊನೆಗೆ ಅವನು ಮುಂದೆ ಬಂದ. ಸೊಂಟಕ್ಕೆ ಚಿಂದಿ, ಕೈಗೆ ಹಗ್ಗ.

“ಕನ್ನಡದವ್ರು ಯಾರಾದ್ರೂ ಇದ್ರೆ ಕೇಳಿ,” ಎಂದ. ವ್ಯಾನಿನವರೆಲ್ಲ ಚಕಿತರಾಗಿ ಕತ್ತೆತ್ತಿದರು. “ನನ್ನ ಹೆಂಡ್ತಿಗೆ ಎದೆಯಲ್ಲಿ ಗಡ್ಡೆ. ನಾ ಬರ್ದೆ ಸೈ ಹಾಕೂದಿಲ್ಲ ಅಂತ ಕೂತಿದಾಳೆ. ನನ್ನ ಪಾಸ್‌ಪೋರ್ಟ್ ಈ ಮನುಷ್ಯ ಬೀಗ ಹಾಕಿ ಇಟ್ಕೊಂಡಿದಾನೆ. ಸೂರ್ಯನ್ನ ಹಿಡ್ದು ಕೊಟ್ರೆ ಬಿಡ್ತೆ ಅಂದ. ಹಿಡ್ದು ಕೊಟ್ಟೆ. ಬಿಡ್ಲಿಲ್ಲ. ನಾ ಎಂತ ಮಾಡೂದು? ನಿಮ್ಮ ಕಾಲಿಗೆ ಬೀಳ್ತೆ, ನನ್ನನ್ನ ಕರ್ಕೊಂಡ್ ಹೋಗಿ.”

ಆಮೇಲೆ ಚಪ್ಪಾಳೆ. ಮೊದಲು ಎದ್ದು ನಿಂತವರು ನನ್ನ ವ್ಯಾನಿನವರೇ. “ಕನ್ನಡದಲ್ಲಿ ಡೈಲಾಗ್ ಇಟ್ಟಿದ್ದಾರಲ್ರೀ!” ಎಂದು ಒಬ್ಬರು ಫೋನ್ ಎತ್ತಿ ಹಿಡಿದರು. “ಇದು ನಾಟಕ ಅಲ್ಲ!” ಎಂದು ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ನಿರ್ದೇಶಕ ಮೈಕಿನಲ್ಲಿ, “ನಮ್ಮ ಪೈಲಟ್! ಅವರಿಗೂ ಒಂದು ಚಪ್ಪಾಳೆ!” ಎಂದ. ಅದೂ ಬಿತ್ತು.

ಜನ ಚದುರುವಾಗ ಒಬ್ಬ ಡಾಕ್ಟರು ಖಲಾಸಿಯ ಕೈ ಕುಲುಕಿದರು. “ಬ್ರಿಲಿಯಂಟ್ ಮಾರಾಯ್ರೆ. ಪೇಷೆಂಟ್‌ನ ಗಂಡಂದಿರು ನಮ್ಮೆದುರು ಹೀಗೇ ನಿಲ್ಲೋದು.” ನಾನು ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದು ಎಲ್ಲವನ್ನೂ ಹೇಳಿದೆ. ಅವರ ಮುಖ ಇಳಿಯಿತು. ನಂಬಿದರು, ಅದರಲ್ಲಿ ಅನುಮಾನವಿಲ್ಲ. “ಸೀರಿಯಸ್ ವಿಷಯ ಇದು,” ಎಂದರು. “ಆದ್ರೆ ವೀಸಾ ಇಲ್ಲ ಅಂದ್ರಿ ಅಲ್ವಾ? ನಾವೂ ಇಲ್ಲಿ ಪರ್ಮಿಟ್ ಮೇಲೆ ಇರೋರು ಮೇಡಂ. ರಿಪೋರ್ಟ್ಸ್ ವಾಟ್ಸ್ಆ್ಯಪ್ ಮಾಡಿ, ಒಪೀನಿಯನ್ ಕೊಡ್ತೀನಿ.” ವ್ಯಾನ್ ಹಾರ್ನ್ ಹಾಕುತ್ತಿತ್ತು. ಹೈವೇ ಜಾಮ್ ಆಗುವ ಮೊದಲು ಹೊರಡಬೇಕಿತ್ತು.

ಆ ವಾರವೇ ಟಿಕೆಟ್‌ಗಳೆಲ್ಲ ಖರ್ಚಾದವು. ನಿರ್ದೇಶಕ ಆ ದೃಶ್ಯವನ್ನು ಹಾಗೇ ಇಟ್ಟ, ಒಂದಕ್ಷರ ಬದಲಾಗಕೂಡದೆಂದ. ಇಂಥ ನಟನನ್ನು ಸೀಸನ್ ಮುಗಿದರೂ ಬಿಡುವುದಿಲ್ಲವೆಂದ. ನಾನು ಕೆಲಸ ಬಿಟ್ಟೆ. ಹಡಗು ಇನ್ನು ಜೆಟ್ಟಿಗೆ ಕಟ್ಟಿಕೊಂಡೇ ಇರುತ್ತದೆ, ಪೈಲಟ್ ಬೇಕಾಗಿಲ್ಲ ಎಂದು ಅವನು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಕೆಲವು ವಾರ ಬಿಟ್ಟು ಬ್ರಿಕ್‌ಫೀಲ್ಡ್ಸ್‌ನಿಂದ ಅನ್ನ ಸಾರು ಕಟ್ಟಿಸಿಕೊಂಡು ಖಲಾಸಿಯನ್ನು ನೋಡಲು ಹೋದೆ. ಅವನ ಹೆಬ್ಬೆರಳಿನ ಗಾಯ ಒಣಗಿ ಕಪ್ಪಾಗಿತ್ತು.

“ಅವ್ಳು ಸೈ ಹಾಕಿದ್ಲು ಅಕ್ಕೋರೆ,” ಎಂದ. “ಒಬ್ಳೇ ಹೋಗಿ ಹಾಕಿದ್ಲಂತೆ. ಎದೆ ತೆಗ್ದು ಆಯ್ತು. ತಡ ಆಯ್ತು ಅಂದ್ರಂತೆ ಡಾಕ್ಟ್ರು. ಕಂಕುಳಿಗೂ ಹೋಗಿದ್ಯಂತೆ.”

ನಾನು ಅನ್ನದ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟೆ. ಅವನು ಮುಂದುವರಿಸಿದ. “ಜನಕ್ಕೆ ಬೇಜಾರು ಬಂದ ದಿನ ಬಿಡ್ತೆ ಅಂದಿದಾನೆ ಯಜಮಾನ. ಚಪ್ಪಾಳೆ ಕಮ್ಮಿ ಆಗ್ಬೇಕಷ್ಟೆ. ಇವತ್ತು ಕೆಟ್ಟದಾಗಿ ಹೇಳ್ತೆ, ನೋಡಿ. ಮಗ್ಗಿ ಹೇಳ್ದ ಹಾಗೆ ಹೇಳ್ತೆ.”

ಸಂಜೆ ಶೋದಲ್ಲಿ ಅವನು ಮುಂದೆ ಬಂದ. ತಲೆ ತಗ್ಗಿಸಿದ್ದ. ಅಳಲಿಲ್ಲ, ಕೈ ಮುಗಿಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಸೈ ಹಾಕಿ ಮುಗಿಸಿದ್ದ ಹೆಂಡತಿ “ನಾ ಬರ್ದೆ ಸೈ ಹಾಕೂದಿಲ್ಲ ಅಂತ ಕೂತಿದಾಳೆ” ಎಂದು, ಒಂದೇ ದನಿಯಲ್ಲಿ, ಉಸಿರು ಇಳಿದುಹೋದವನಂತೆ ಒಪ್ಪಿಸಿದ. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ನನ್ನ ಪಕ್ಕದ ಹೆಂಗಸು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. ಹಿಂದಿನ ಸಾಲೂ ಎದ್ದಿತು. ಮೊದಲ ಶೋಗಿಂತ ಜೋರಾಗಿ ಚಪ್ಪಾಳೆ ಬಿತ್ತು.